ಹಿಂದಿನ ಚಕ್ರಕ್ಕೆ ಮಣ್ಣಿಲ್ಲ

ಹಿಂದಿನ ಚಕ್ರ ಶುದ್ಧವಾಗಿತ್ತು. ಚೂಡಾಮಣಿ ಟೀಚರ್‌ಗೆ ತಲೆಕೆಟ್ಟದ್ದು ಅದಕ್ಕೇ.

ರಾಮಯ್ಯನ ಸೈಕಲ್ ಶಾಪಿನ ಸಿಮೆಂಟು ನೆಲದ ಮೇಲೆ ಮಂಡಿಯೂರಿ, ಏಳನೇ ನಂಬರಿನ ಸೈಕಲ್ಲಿನ ಟೈರಿಗೆ ಮೂಗು ತಾಗುವಷ್ಟು ಹತ್ತಿರ ಮುಖ ಹಿಡಿದು ಅವರಿಗೆ ಹತ್ತು ನಿಮಿಷವಾಗಿತ್ತು. ಮುಂದಿನ ಟೈರಿನ ಸಂದಿಗಳಲ್ಲೆಲ್ಲ ಕೆಂಪು ಮಣ್ಣು ಒಣಗಿ ಕೂತಿತ್ತು. ಹಿಂದಿನ ಟೈರಿನಲ್ಲಿ ಒಂದು ಕಾಳೂ ಇಲ್ಲ. ನಿನ್ನೆ ಪೂಜೆಯಲ್ಲಿ ಇಟ್ಟ ಕುಂಕುಮದ ಬೊಟ್ಟು ಕೂಡ ರಬ್ಬರಿನ ಮೇಲೆ ದುಂಡಗೆ ಹಾಗೇ ಇತ್ತು.

"ಟೀಚರಮ್ನೋರೇ, ಸೈಕಲ್ಲು ಒಂದೇ ಚಕ್ರದ ಮೇಲೆ ಹೋಗಿ ಬಂದಿದೆ ಅಂತ ಬರ್ಕೊಳ್ಳಲಾ?" ಎಂದ ದಫೇದಾರ್ ಕರಿಬಸವಯ್ಯ, ಕಿವಿಯ ಸಂದಿಯಿಂದ ಪೆನ್ಸಿಲು ತೆಗೆಯುತ್ತ.

"ಸದ್ಯಕ್ಕೆ ಬರ್ಕೊಳ್ಳಿ."

"ಸ್ಟೇಷನ್ನಲ್ಲಿ ನಗ್ತಾರೆ."

"ನಿನ್ನೆ ಮಧ್ಯಾಹ್ನ ಕಾವಲಿಗೆ ಅಂತ ಬಂದು ಬಾಗಿಲಲ್ಲೇ ಗೊರಕೆ ಹೊಡೆದದ್ದನ್ನೂ ಬರ್ಕೊಳ್ಳಿ. ಜೊತೇಲಿ ಅದಕ್ಕೂ ನಗಲಿ."

ಕರಿಬಸವಯ್ಯ ಎರಡನ್ನೂ ಬರೆಯಲಿಲ್ಲ. ಪೆನ್ಸಿಲು ಮತ್ತೆ ಕಿವಿಯ ಸಂದಿಗೆ ಹೋಯಿತು.

ಆಯುಧಪೂಜೆಗೆ ಈ ಶಾಪಿನಲ್ಲಿ ಕೂರಿಸಿದ್ದ, ಸೈಕಲ್ಲಿನ ಹಿಂದಕ್ಕೆ ಹಾಕುವ ಮೂರು ಗೇರಿನ ಇಂಗ್ಲಿಷ್ ಚಕ್ರ, ವಿಜಯದಶಮಿಯ ಬೆಳಿಗ್ಗೆ ಬಾಗಿಲು ತೆಗೆದಾಗ ಇರಲಿಲ್ಲ. ಅದರ ಚೆಂಡುಹೂವಿನ ಹಾರ ಮಾತ್ರ ಮಣೆಯ ಮೇಲೆ ದುಂಡಗೆ ಬಿದ್ದಿತ್ತು.

ಚಕ್ರ ಜಯನಗರ ಜಲ್ಲಿ ರಸ್ತೆ ಸೈಕಲ್ ಸಂಘದ್ದು. ಸಂಘಕ್ಕೆ ಆ ಹೆಸರು ಬಂದದ್ದಕ್ಕೆ ಕಾರಣ ಸರಳ. ಜಯನಗರದಲ್ಲಿ ಆಗ ಬ್ಲಾಕುಗಳಿದ್ದವು, ಅಡ್ಡರಸ್ತೆಗಳಿಗೆ ನಂಬರುಗಳಿದ್ದವು, ನಂಬರು ಕೆತ್ತಿದ ಕಲ್ಲುಗಳಿದ್ದವು; ರಸ್ತೆ ಮಾತ್ರ ಇನ್ನೂ ಜಲ್ಲಿಯ ರಾಶಿಯಾಗಿ ಪಕ್ಕದಲ್ಲಿ ಕಾಯುತ್ತಿತ್ತು. ಅದರ ಮೇಲೆ ಸೈಕಲ್ ತುಳಿದು ಬದುಕಿದವರು ಎಲ್ಲಿ ಬೇಕಾದರೂ ತುಳಿದಾರು ಎಂಬುದು ಸಂಘದ ನಂಬಿಕೆ.

ಹೋದ ವರ್ಷ ಆ ನಂಬಿಕೆಗೆ ಪೆಟ್ಟು ಬಿತ್ತು. ಮಂಗಳೂರಿನ ಕಡಲ ದಂಡೆಯಿಂದ ಹೊರಟು ಕೆಂಪು ಕಲ್ಲಿನ ಗುಡ್ಡಗಳನ್ನು ಹತ್ತಿ ಇಳಿದು ನಡೆಯುವ ಅರವತ್ತು ಮೈಲಿಯ ಪಂದ್ಯಕ್ಕೆ ಸಂಘದಿಂದ ಮರುಳಸಿದ್ದಪ್ಪ ಮೇಷ್ಟ್ರು ಹೋಗಿದ್ದರು. ಅರವತ್ತರಲ್ಲಿ ಇಪ್ಪತ್ತೆರಡು ಮೈಲಿ ಅವರು ಸೈಕಲ್ಲನ್ನು ತಳ್ಳಿಕೊಂಡು ನಡೆದರು. ದಾರಿಯಲ್ಲಿ ಒಂದು ಮದುವೆ ದಿಬ್ಬಣ ಅವರನ್ನು ಹಿಂದೆ ಹಾಕಿತು. ಈ ವರ್ಷ ಹಾಗಾಗಬಾರದೆಂದು ಸಂಘ ಬೊಂಬಾಯಿಯಿಂದ ಗೇರಿನ ಚಕ್ರ ತರಿಸಿತ್ತು. ಇವತ್ತು ಒಂಬತ್ತು ಗಂಟೆಯ ರೇಸಿನಲ್ಲಿ ಗೆದ್ದವನಿಗೆ ಚಕ್ರ, ಬರುವ ಭಾನುವಾರ ಕರಾವಳಿ.

ಈಗ ಎಂಟೂಕಾಲು.

"ನಾನು ಮುಟ್ಟಿಲ್ಲ ಟೀಚರ್," ಎಂದ ತಿರುಮಲೇಶ, ಅದೇ ಮಾತನ್ನು ಐದನೇ ಸಲ.

ಸಂಘದ ಪಟ್ಟಿಯಲ್ಲಿ ಏಳನೇ ನಂಬರು ಅವನ ಸೈಕಲ್ಲು. ತಲೆಕೆಳಗಾದ ಸೀಮೆಎಣ್ಣೆ ಡಬ್ಬದ ಮೇಲೆ, ರೇಸಿನ ಚಡ್ಡಿ ಹಾಕಿಕೊಂಡು, ಸಂದರ್ಶನಕ್ಕೆ ಬಂದವನ ಹಾಗೆ ಮಂಡಿ ಜೋಡಿಸಿ ಕೂತಿದ್ದ. ಇಪ್ಪತ್ತನಾಲ್ಕು ವರ್ಷ. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ಎಂಟು ತಿಂಗಳಿಂದ ದಿನಾ ಬೆಳಿಗ್ಗೆ ಬನಶಂಕರಿ ಗುಡಿಯವರೆಗೆ ಜಲ್ಲಿಯ ಮೇಲೆ ಅಭ್ಯಾಸ ಮಾಡಿ ಎರಡು ಕನ್ನಡಕ ಒಡೆದುಕೊಂಡಿದ್ದ. ಚೂಡಾಮಣಿಯ ಪಕ್ಕದ ಮನೆಯ ಹಿಂಭಾಗದಲ್ಲಿ ಬಾಡಿಗೆಗಿದ್ದ. ಅವರಿಂದ ಎರವಲು ಒಯ್ದ ಕಾದಂಬರಿಗಳನ್ನು ಹಾಳೆ ಮಡಿಸದೆ ಹಿಂದಿರುಗಿಸುತ್ತಿದ್ದ. ಅವರ ಲೆಕ್ಕದಲ್ಲಿ ಅದು ದೊಡ್ಡ ಗುಣ.

"ನಿನ್ನೆ ಪೂಜೆ ಆದ್ಮೇಲೆ ಎಲ್ಲಿದ್ದೆ?"

"ಮನೇಲಿ. ಒಬ್ಬಟ್ಟು ತಿಂದು ಮಲಗಿಬಿಟ್ಟೆ."

"ಎಲ್ಲರೂ ಅದನ್ನೇ ಹೇಳ್ತಾರೆ," ಎಂದ ಕರಿಬಸವಯ್ಯ. "ನಿನ್ನೆ ಮಧ್ಯಾಹ್ನ ಇಡೀ ಬೆಂಗಳೂರೇ ಮಲಗಿತ್ತು. ನನ್ನ ಒಬ್ಬನ್ನ ಮಾತ್ರ ಆಡ್ಕೋತಾರೆ."

ಬಾಗಿಲಲ್ಲಿ ನೆರಳು ಬಿತ್ತು. ನೆರಳಿನ ಹಿಂದೆ ಸಂಘದ ಅಧ್ಯಕ್ಷ ಶಾಂತವೀರಪ್ಪನವರು ಬಂದರು. ಓವರ್‌ಸಿಯರ್ ಆಗಿ ನಿವೃತ್ತರಾದವರು. ಒಂದು ಕೈಯಲ್ಲಿ ಕೊಡೆ, ಕೊರಳಲ್ಲಿ ಸೀಟಿ, ಮಾತು ಗೋಡೆಗೆ ಅಂಟಿಸಿದ ನೋಟೀಸಿನ ಹಾಗೆ.

"ಹದಿನಾಲ್ಕನೇ ನಿಯಮ. ಪೂಜೆಗೆ ಕೂತ ಸೈಕಲ್ಲನ್ನು ಮರುದಿನ ಬೆಳಗಿನವರೆಗೆ ಯಾರೂ ಮುಟ್ಟತಕ್ಕದ್ದಲ್ಲ. ಮುಟ್ಟಿದಲ್ಲಿ ಸದರಿ ಸೈಕಲ್ಲು ರೇಸಿಗೆ ಬರತಕ್ಕದ್ದಲ್ಲ. ಏಳನೇ ನಂಬರಿಗೆ ಮಣ್ಣಾಗಿದೆ. ಚಕ್ರ ಹೋಗಿದೆ. ಈ ಹುಡುಗನನ್ನ ಸ್ಟೇಷನ್ನಿಗೆ ಕರ್ಕೊಂಡು ಹೋಗಿ ದಫೇದಾರ್ರೇ. ನಾನು ಆರು ಜನರ ರೇಸನ್ನ ಐದು ಜನರದ್ದು ಮಾಡ್ತೀನಿ."

"ಒಂಬತ್ತರವರೆಗೆ ಟೈಮಿದೆ," ಎಂದರು ಚೂಡಾಮಣಿ, ನೆಲದಿಂದ ಏಳದೆ.

"ತಾವು ಭೂಗೋಳ ಟೀಚರು, ಚೂಡಾಮಣಿಯವರೇ. ಇದು ಕಳ್ಳತನ."

"ಕಳ್ಳತನ ಭೂಮಿ ಮೇಲೇ ನಡೆಯುತ್ತೆ ಸಾರ್."

ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ನಕ್ಷೆ ಬರೆಸಿದವರು ಅವರು. ಮಣ್ಣು ಸುಳ್ಳು ಹೇಳುವುದಿಲ್ಲ, ಆದರೆ ತಾನಾಗಿ ಏನನ್ನೂ ಹೇಳುವುದೂ ಇಲ್ಲ. ಹಿಂದಿನ ಬೆಂಚಿನ ಹುಡುಗಿಯರ ಹಾಗೆ, ಎಬ್ಬಿಸಿ ನಿಲ್ಲಿಸಿ ಕೇಳಬೇಕು. ಅವರು ಹೇರ್‌ಪಿನ್ ತೆಗೆದು ಮುಂದಿನ ಟೈರಿನಿಂದ ಒಂದು ಚಿಟಿಕೆ ಕೆರೆದು ಅಂಗೈಗೆ ಹಾಕಿಕೊಂಡರು. ಜಯನಗರದ್ದು ಬೂದು ಜಲ್ಲಿಪುಡಿ. ಹೊಸಕೆರೆಹಳ್ಳಿ ಕಡೆಯದು ಕೆರೆಯ ಕಪ್ಪು ಮಣ್ಣು. ಇದು ಕೆಂಪು ಗರಸು, ನಡುನಡುವೆ ಸಾಸಿವೆಯಷ್ಟು ಬಿಳಿ ಹರಳು.

"ವಸಂತಪುರದ ಗುಡ್ಡ," ಎಂದರು.

ನಾಲ್ಕೂವರೆ ಮೈಲಿ. ಇವತ್ತಿನ ರೇಸು ಹೋಗಿ ತಿರುಗಿ ಬರಬೇಕಾದದ್ದೂ ಅಲ್ಲಿಗೇ.

"ಹಳೇ ಮಣ್ಣು ಇರಬೌದಲ್ವಾ?" ಎಂದ ಕರಿಬಸವಯ್ಯ.

"ಆಯುಧಪೂಜೆಗೆ ತೊಳೆಯದೆ ಇರೋ ಸೈಕಲ್ಲು ಈ ಊರಲ್ಲಿದೆಯೇನ್ರೀ? ವರ್ಷಕ್ಕೊಂದು ಸಲ ಅದನ್ನ ಮಗೂನ ತೊಳೆದ ಹಾಗೆ ತೊಳೀತಾರೆ. ನಿನ್ನೆ ಬೆಳಿಗ್ಗೆ ಆರೂ ಸೈಕಲ್ಲು ಈ ಕೊಳಾಯಿ ಕೆಳಗೇ ನಿಂತಿದ್ದವು. ಈ ಮಣ್ಣು ಪೂಜೆ ಆದ ಮೇಲಿನದು."

"ಹಾಗಾದ್ರೆ ಹಿಂದಿನ ಚಕ್ರ?"

ಅವರು ಎದ್ದು ನಿಂತು ಸಾಲನ್ನು ನೋಡಿದರು. ಐದು ಸೈಕಲ್ಲು ಪೂರ್ವಕ್ಕೆ ಮುಖ ಮಾಡಿ ನಿಂತಿದ್ದವು, ಹ್ಯಾಂಡಲಿಗೆ ಬಾಳೆಕಂದು, ಚಕ್ರದ ಕೆಳಗೆ ನಿಂಬೆಹಣ್ಣು. ಏಳನೆಯದು ಮಾತ್ರ ಉತ್ತರಕ್ಕೆ ತಿರುಗಿತ್ತು. ಅದಕ್ಕೆ ನಿಂಬೆಹಣ್ಣಿರಲಿಲ್ಲ. ಕಳ್ಳ ಗಡಿಬಿಡಿಯಲ್ಲಿ ಹೇಗೋ ನಿಲ್ಲಿಸಿ ಹೋಗಿದ್ದಾನೆಂದು ಬೆಳಗಿನಿಂದ ಎಲ್ಲರೂ ಅಂದುಕೊಂಡಿದ್ದರು. ಚೂಡಾಮಣಿ ಸೀಟಿನ ಕೆಳಗೆ ಸ್ಪ್ರಿಂಗಿನ ಸಂದಿಯಲ್ಲಿ ಕೈಯಾಡಿಸಿದರು. ಬೆರಳಿಗೆ ನಾಲ್ಕು ಕಾಳು ಅಕ್ಷತೆ ಸಿಕ್ಕಿತು.

ಅವರು ನಾಲ್ಕು ಕಾಳನ್ನೂ ಬಹಳ ಹೊತ್ತು ನೋಡಿದರು.

"ಎಲ್ಲರೂ ಸ್ವಲ್ಪ ಆಚೆ ಹೋಗಿ. ರಾಮಯ್ಯನೋರೇ, ನೀವಿರಿ."

ಶಾಂತವೀರಪ್ಪ ಗಡಿಯಾರ ನೋಡಿಕೊಂಡು ಹೋದರು. ತಿರುಮಲೇಶ ಡಬ್ಬದಿಂದ ಎದ್ದು, ಡಬ್ಬವನ್ನು ಇದ್ದ ಜಾಗಕ್ಕೆ ಸರಿಸಿಟ್ಟು ಹೋದ. ಕರಿಬಸವಯ್ಯ ಆಚೆ ಹೋದ ಹಾಗೆ ಮಾಡಿ ಬಾಗಿಲಲ್ಲೇ ನಿಂತ.

ರಾಮಯ್ಯ ಮೂಲೆಯಲ್ಲಿ ಟ್ಯೂಬೊಂದನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸುತ್ತ ಕೂತಿದ್ದ. ಅರವತ್ತು ದಾಟಿದ ಮನುಷ್ಯ. ಈಗ ಮೂರನೇ ಬ್ಲಾಕು ಇರುವಲ್ಲಿ ಅವನ ರಾಗಿ ಹೊಲವಿತ್ತು. ಹೊಲ ಹೋಗಿ ಸೈಟಾಯಿತು, ಪಂಪು ಪಾನಾ ಹಿಡಿದು ಮನೆಮನೆ ಸುತ್ತುತ್ತಿದ್ದವನು ಅದರ ಅಂಚಿನಲ್ಲಿ ಶಾಪು ಹಾಕಿದ.

"ಹಬ್ಬದ ದಿವಸ ಕೆಲಸ ಹಿಡಿದಿದ್ದೀರಲ್ಲ," ಎಂದರು ಚೂಡಾಮಣಿ.

"ಕೈ ಸುಮ್ಕಿರಲ್ಲ ಅಮ್ಮ."

"ಆ ಪಂಪು ಸ್ವಲ್ಪ ಇಳಿಸಿ ಕೊಡ್ತೀರಾ?"

ಪಂಪು ಗೋಡೆಯ ಮೊಳೆಗೆ ಎತ್ತರದಲ್ಲಿ ತೂಗುತ್ತಿತ್ತು. ರಾಮಯ್ಯ ಎದ್ದ. ಬಲಗೈಯನ್ನು ಎದೆಯವರೆಗೆ ಎತ್ತಿದ, ನಿಲ್ಲಿಸಿದ, ಎಡಗೈಯಿಂದ ಪಂಪು ತೆಗೆದ.

"ಬಲಗೈಗೇನಾಯ್ತು?"

"ವಯಸ್ಸಾಯ್ತು."

"ಒಂದೇ ಕೈಗಾ?"

ರಾಮಯ್ಯ ಪಂಪನ್ನು ನೋಡುತ್ತ ನಿಂತ.

"ನಾನು ಹೇಳ್ತೀನಿ, ತಪ್ಪಿದ್ರೆ ತಿದ್ದಿ," ಎಂದರು ಚೂಡಾಮಣಿ. "ಈ ಸೈಕಲ್ಲು ಗುಡ್ಡಕ್ಕೆ ಹೋದಾಗ ಅದರ ಹಿಂದಿನ ಚಕ್ರ ಇಲ್ಲೇ ಶಾಪಲ್ಲಿತ್ತು. ಅದಕ್ಕೇ ಕುಂಕುಮ ಅಳಿಸಿಲ್ಲ. ಹೋದದ್ದು ಗೇರಿನ ಚಕ್ರ ಹಾಕ್ಕೊಂಡು. ಬರ್ತಾ ಆ ಚಕ್ರ ಇರಲಿಲ್ಲ. ಹಿಂದಿನ ಭಾಗನ ಹೆಗಲ ಮೇಲೆ ಹೊತ್ತು, ಮುಂದಿನ ಚಕ್ರ ಉರುಳಿಸ್ಕೊಂಡು ಯಾರೋ ನಾಲ್ಕೂವರೆ ಮೈಲಿ ನಡೆದಿದ್ದಾರೆ. ಬಂದು ಹಳೇ ಚಕ್ರ ಹಾಕಿದ್ದಾರೆ. ನಟ್ಟಿಗೆ ಒಂದು ಗೀರೂ ಬಿದ್ದಿಲ್ಲ. ಅಷ್ಟು ನಾಜೂಕಾಗಿ ಪಾನಾ ತಿರುಗಿಸೋರು ಜಯನಗರದಲ್ಲಿ ಎಷ್ಟು ಜನ ಇದ್ದಾರೆ?"

"ಬಸವನಗುಡೀಲಿ ಒಬ್ಬನಿದ್ದಾನೆ," ಎಂದ ರಾಮಯ್ಯ, ನ್ಯಾಯವಾಗಿ.

"ಅವನು ನಿಮ್ಮ ಹಿಂಬಾಗಿಲಿಂದ ಬರ್ತಾನಾ?"

ರಾಮಯ್ಯ ಪಂಪನ್ನು ಗೋಡೆಗೆ ಒರಗಿಸಿಟ್ಟ.

"ಬೇರೆ ಯಾರಾದ್ರೂ ಆಗಿದ್ರೆ ಸೈಕಲ್ಲು ತಗೊಂಡು ಸುಮ್ಮನೆ ಹೋಗೋರು. ಇವರು ಮೊದಲು ಅಕ್ಷತೆ ಹಾಕಿ, ಸೈಕಲ್ಲನ್ನ ಉತ್ತರಕ್ಕೆ ಕದಲಿಸಿ, ಪೂಜೆ ಮುಗಿಸಿ ಆಮೇಲೆ ಹತ್ತಿದ್ದಾರೆ. ವಾಪಸ್ಸು ಬಂದಾಗಲೂ ಪೂರ್ವಕ್ಕೆ ತಿರುಗಿಸಿ ನಿಲ್ಲಿಸಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ನಿಲ್ಲಿಸಲಿಲ್ಲ. ಯಾಕೆ ರಾಮಯ್ಯನೋರೇ?"

ರಾಮಯ್ಯ ಬೋಗುಣಿಯ ಪಕ್ಕ ಕುಕ್ಕರಗಾಲಲ್ಲಿ ಕೂತ.

"ಕದಲಿಸಿದ್ದನ್ನ ಮತ್ತೆ ಕೂರಿಸೋ ಹಂಗಿಲ್ಲ ಅಮ್ಮ," ಎಂದ ಮೆಲ್ಲಗೆ. "ಅದು ದೇವ್ರಿಗೆ ಸುಳ್ಳು ಹೇಳ್ದಂಗೆ."

ಬಾಗಿಲಲ್ಲಿ ಕರಿಬಸವಯ್ಯನ ಬೂಟು ಕಿರುಗುಟ್ಟಿತು. ಚೂಡಾಮಣಿ ಆ ಕಡೆ ನೋಡಲಿಲ್ಲ.

"ಯಾಕೆ ಮಾಡಿದ್ರಿ?"

"ಏನಂತ ಹೇಳ್ಲಿ. ಮೂವತ್ತೆಂಟು ವರ್ಷ ಪಂಚರ್ ಹಾಕಿದ್ದೀನಿ. ಬೇರೇವ್ರ ಸೈಕಲ್ಲು ಬೇರೇವ್ರು ತುಳೀತಾರೆ. ನಾನು ಗಾಳಿ ಹಾಕಿ ಬಿಡ್ತೀನಿ. ವಸಂತಪುರದ ಗುಡ್ಡ ಐತಲ್ಲ, ನನ್ನ ವಯಸ್ನಲ್ಲಿ ಎತ್ತಿನ ಗಾಡಿ ಹೊಡ್ಕೊಂಡು ಹತ್ತಿದ್ದೀನಿ, ಕಾಲ್ನಡಿಗೇಲಿ ಹತ್ತಿದ್ದೀನಿ, ಸೈಕಲ್ಲು ತಳ್ಕೊಂಡು ಹತ್ತಿದ್ದೀನಿ. ಕೂತ್ಕೊಂಡು ಹತ್ತಿಲ್ಲ. ಈ ಗೇರಿನ ಚಕ್ರ ಬಂದಾಗಿಂದ ದಿನಾ ಒರೆಸ್ತಿದ್ದೆ. ಒರೆಸ್ತಾ ಒರೆಸ್ತಾ ಹಾಳು ಬುದ್ಧಿ ಬಂತು. ಇವತ್ತು ಯಾರಿಗೋ ಕೊಟ್ಟುಬಿಡ್ತಾರೆ, ಅವನು ಕಡಲ ಕಡೆ ಹೋಗ್ತಾನೆ, ಆಮೇಲೆ ನಾನು ಎಲ್ಲಿ ನೋಡ್ಲಿ."

"ಶಾಪಿನ ಬಾಡಿಗೆ ಸೈಕಲ್ಲಿಗೆ ಹಾಕ್ಕೋಬಹುದಿತ್ತು."

"ಅವಕ್ಕೆ ಕೂರಲ್ಲ. ಇದಕ್ಕೊಂದಕ್ಕೇ ಸರಿಯಾಗಿ ಕೂರೋದು."

"ಹತ್ತಿದ್ರಾ?"

ರಾಮಯ್ಯನ ಮುಖ ತನ್ನ ಅಪರಾಧವನ್ನು ಒಂದು ಗಳಿಗೆ ಮರೆಯಿತು.

"ಕೂತ್ಕೊಂಡೇ ಹತ್ತಿದೆ ಅಮ್ಮ. ಕಾಲು ಕೆಳಗಿಡ್ಲಿಲ್ಲ. ಜಲ್ಲಿ ಹಾರ್ತಾ ಇದೆ, ಕುರಿ ಕಾಯೋರು ಬಾಯಿ ಬಿಟ್ಕೊಂಡು ನೋಡ್ತವ್ರೆ. ಮುದುಕ ಬಿದ್ದು ಸಾಯ್ತಾನೆ ಅಂತ ಒಬ್ಬ ಕೂಗ್ದ. ನಾನು ಗೇರು ಹಾಕ್ದೆ."

"ಆಮೇಲೆ?"

"ಅಷ್ಟು ದೂರ ಹೋಗಿ ದೇವ್ರಿಗೆ ಕೈ ಮುಗೀದೆ ಬರೋದಾ. ಸೈಕಲ್ಲು ಗುಡಿ ಗೋಡೆಗೆ ಒರಗಿಸಿ ಒಳಗೆ ಹೋದೆ. ಮಂಗಳಾರತಿ ಆಗೋವರೆಗೂ ನಿಂತಿದ್ದೆ. ಹೊರಗೆ ಬಂದ್ರೆ ಸೈಕಲ್ಲು ಹಿಂದಿನ ಚಕ್ರ ಇಲ್ದೆ, ಬಾಲ ಕತ್ತರಿಸಿದ ಹಲ್ಲಿ ಹಂಗೆ ಬಿದ್ದಿತ್ತು."

"ಗುರುತಿನವರು ಯಾರಾದ್ರೂ ಕಂಡ್ರಾ?"

"ಯಾರೂ ಕಾಣ್ಲಿಲ್ಲ. ದೀಪ ಹಚ್ಚೋ ಹೊತ್ತಿಗೆ ಇಲ್ಲಿಗೆ ಬಂದೆ. ಮಣ್ಣು ತೊಳೆಯೋಣ ಅಂದ್ರೆ ಕೊಳಾಯಲ್ಲಿ ನೀರು ನಿಂತೋಗಿತ್ತು." ಅವನು ತಲೆ ತಗ್ಗಿಸಿದ. "ಆ ಹುಡುಗನ ಮೇಲೆ ಬರುತ್ತೆ ಅಂತ ಗೊತ್ತಿರ್ಲಿಲ್ಲ. ಗೊತ್ತಾದ ಮೇಲೂ ಬಾಯಿ ಬರ್ಲಿಲ್ಲ. ಸಂಘದೋರು ಶಾಪು ಬಿಡಿಸ್ತಾರೆ ಅಂತ ಹೆದರಿಕೆ ಆಯ್ತು."

ರಾಮಯ್ಯ ತಾನಾಗಿಯೇ ಎದ್ದು, ಎಣ್ಣೆ ಮೆತ್ತಿದ ಕೈಯನ್ನು ಪಂಚೆಗೆ ಒರೆಸಿಕೊಂಡು, ಅಂಗಿಯ ಗುಂಡಿ ಹಾಕಿಕೊಂಡು, ಸಾಕ್ಷಿಕಟ್ಟೆಗೆ ಹೋಗುವವನಂತೆ ಬಾಗಿಲಾಚೆ ಹೋದ. ಹೊರಗೆ ನಿಂತವರ ಎದುರಿಗೆ ಮತ್ತೊಮ್ಮೆ ಅಷ್ಟನ್ನೂ ಹೇಳಿದ. ಗೇರು ಹಾಕಿದ ಜಾಗದಲ್ಲಿ ಮಾತ್ರ ಅವನ ದನಿ ಸ್ವಲ್ಪ ಏರಿತು.

ಎಂಟು ನಲವತ್ತು.

"ಕಾಯಿ ಒಡೆಯದೆ ಕದಲಿಸೋಕಾಗಲ್ಲ," ಎಂದರು ಶಾಂತವೀರಪ್ಪ, ಕೇಳಿ ಮುಗಿದ ಮೇಲೆ. ಅವರ ಮನಸ್ಸಿಗೆ ತಟ್ಟಿದ್ದು ಅದೊಂದೇ. "ಒಡೆದ್ಯಾ?"

"ಒಡೆದೆ ಸ್ವಾಮಿ."

"ಹಾಗಾದ್ರೆ ಹದಿನಾಲ್ಕನೇ ನಿಯಮ ಇಲ್ಲಿಗೆ ಬರಲ್ಲ ಸಾರ್," ಎಂದರು ಚೂಡಾಮಣಿ. "ನಿಯಮ ಪೂಜೆಗೆ ಕೂತ ಸೈಕಲ್ಲಿಗೆ. ಕಾಯಿ ಒಡೆದು, ಅಕ್ಷತೆ ಹಾಕಿ ಕದಲಿಸಿದ ಮೇಲೆ ಪೂಜೆ ಮುಗೀತು. ಆಮೇಲೆ ಅದು ಬರೀ ಸೈಕಲ್ಲು. ತಿರುಮಲೇಶನ್ನ ರೇಸಿನಿಂದ ತೆಗೆಯೋ ಹಾಗಿಲ್ಲ."

ಶಾಂತವೀರಪ್ಪ ಕೊಡೆಯನ್ನು ನೆಲಕ್ಕೆ ಊರಿದರು. ಮನೆಯಲ್ಲಿ ಗಣಪತಿಯನ್ನು ಕದಲಿಸಲು ಗಳಿಗೆ ನೋಡುವ ಮನುಷ್ಯ. ವಾದ ಅವರಿಗೆ ಹಿಡಿಸಲಿಲ್ಲ, ಆದರೆ ಅದರಲ್ಲಿ ತಪ್ಪು ಸಿಗಲಿಲ್ಲ.

"ಕಾಯಿ ಒಡೆದದ್ದಕ್ಕೆ ಸಾಕ್ಷಿ?"

"ಒಂದು ಹೋಳು ದಫೇದಾರ್ರ ಪಕ್ಕ ಇಟ್ಟು ಹೋದೆ," ಎಂದ ರಾಮಯ್ಯ. "ನಿದ್ದೇಲಿದ್ರು."

ಎಲ್ಲರೂ ಕರಿಬಸವಯ್ಯನ ಕಡೆ ತಿರುಗಿದರು. ಅವನು ಜಲ್ಲಿಯ ರಾಶಿಯೊಂದನ್ನು ಪರೀಕ್ಷಿಸುತ್ತಿದ್ದ.

"ಎದ್ದಾಗ ಪಕ್ಕದಲ್ಲಿತ್ತು," ಎಂದ ಕೊನೆಗೆ. "ಪ್ರಸಾದ ಅಂತ ತಿಂದೆ."

"ಪೂರ್ತಿ?"

"ಬೆಲ್ಲ ಇತ್ತು ಸಾರ್, ಜೊತೇಲಿ."

"ಸಾಕ್ಷಿ ದಫೇದಾರ್ರ ಹೊಟ್ಟೇಲಿದೆ," ಎಂದರು ಚೂಡಾಮಣಿ. "ಬೇಕಾದ್ರೆ ಮಹಜರು ಮಾಡಿಸಿ."

ಗುಂಪಿನಲ್ಲಿ ಯಾರೋ ನಕ್ಕರು. ಶಾಂತವೀರಪ್ಪ ನಗಲಿಲ್ಲ. "ಸೈಕಲ್ಲಿನ ವಿಷಯ ಒಪ್ತೀನಿ. ಚಕ್ರದ ವಿಷಯ ಒಪ್ಪಲ್ಲ. ಅದು ಸಿಕ್ಕಿಲ್ಲ. ದೂರು ಹಾಗೇ ಇದೆ. ರಾಮಯ್ಯ ಎಲ್ಲಿಗೂ ಹೋಗಲ್ಲ, ಅವನ ಶಾಪು ಇಲ್ಲೇ ಇದೆ. ಈ ಹುಡುಗನದ್ದು ಬಾಡಿಗೆ ಮನೆ, ಟ್ರಂಕು ಒಂದೇ. ಸೈಕಲ್ಲು ಅವನದ್ದು. ಸಂಶಯ ಪೂರ್ತಿ ಹೋಗೋವರೆಗೂ ಯಾರಾದ್ರೂ ಜಾಮೀನು ನಿಲ್ಲಲಿ. ಆಮೇಲೆ ಹೋಗಲಿ ರೇಸಿಗೆ."

ತಿರುಮಲೇಶ ನೆಲ ನೋಡುತ್ತ ನಿಂತಿದ್ದ. ಎಂಟು ತಿಂಗಳ ಬೆಳಗುಗಳು ಅವನ ಸಣಕಲು ಕಾಲಿನಲ್ಲಿ ಗಂಟುಗಟ್ಟಿ ಕಾಣುತ್ತಿದ್ದವು. ಸಂಘದವರೊಬ್ಬರೂ ಮುಂದೆ ಬರಲಿಲ್ಲ. ಹೋದ ವರ್ಷ ಕರಾವಳಿಗೆ ಹೋಗಿ ನಡೆದು ಬಂದ ಮರುಳಸಿದ್ದಪ್ಪ ಮೇಷ್ಟ್ರು, ತಮ್ಮ ನಾಲ್ಕನೇ ನಂಬರಿನ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತ, ಬಿಟ್ಟ ಜಾಗಕ್ಕೇ ಮತ್ತೆ ಬಿಟ್ಟರು.

"ನಾನಿರ್ತೀನಿ," ಎಂದರು ಚೂಡಾಮಣಿ.

"ಟೀಚರಮ್ನೋರೇ," ಎಂದ ಕರಿಬಸವಯ್ಯ, ಈಗ ನಿಜವಾಗಿಯೂ ಗಾಬರಿಯಿಂದ. "ನಿಮ್ಮದು ಸರ್ಕಾರಿ ನೌಕರಿ. ಹುಡುಗ ಹೆಚ್ಚುಕಮ್ಮಿ ಆದ್ರೆ ಕೇಸಲ್ಲಿ ಮೊದಲು ನಿಮ್ಮನ್ನೇ ಕರೀತಾರೆ. ಇಲಾಖೆಗೆ ಕಾಗದ ಹೋಗುತ್ತೆ. ರಜಾ ಮುಗಿದು ಸ್ಕೂಲು ತೆಗೆದಾಗ ನೀವು ಒಳಗೆ ಹೋಗ್ತೀರೋ ಆಚೆ ನಿಲ್ತೀರೋ ನನಗೆ ಗೊತ್ತಿಲ್ಲ."

"ಒಂಬತ್ತು ಮೈಲಿ ರೇಸಲ್ಲಿ ಏನು ಹೆಚ್ಚುಕಮ್ಮಿ ಆಗುತ್ತೆ? ಹೋಗ್ತಾನೆ, ಬರ್ತಾನೆ. ಬಂದ ಮೇಲೆ ಎಲ್ಲರೂ ಕೂತು ಚಕ್ರ ಹುಡುಕೋಣ."

ತಿರುಮಲೇಶ ಬಂದು ಅವರ ಕಾಲು ಮುಟ್ಟಿದ. "ನೀವು ಹೀಗೆ ಮಾಡಬಾರದಿತ್ತು ಟೀಚರ್," ಎಂದ. ಕಣ್ಣಲ್ಲಿ ನೀರಿತ್ತು. ಒಳ್ಳೆಯ ಹುಡುಗ, ಎಂದುಕೊಂಡರು ಚೂಡಾಮಣಿ.

ಒಂಬತ್ತಕ್ಕೆ ಸೀಟಿ ಕೂಗಿತು. ಆರು ಸೈಕಲ್ಲುಗಳು ಒಂದರ ಮೇಲೊಂದು ಬೀಳದೆ ಹೇಗೋ ಹೊರಟವು. ಐದಕ್ಕೆ ನಿಂಬೆಹಣ್ಣು ಚಟ್ಟೆಂದಿತು, ಏಳನೆಯದಕ್ಕೆ ಇರಲಿಲ್ಲ. ಜಲ್ಲಿ ಸಿಡಿದು ಶಾಂತವೀರಪ್ಪನವರ ಕೊಡೆಗೆ ತಾಗಿತು. ಬೂದು ಧೂಳು ನಾಲ್ಕನೇ ಬ್ಲಾಕಿನ ಖಾಲಿ ಸೈಟುಗಳ ಮೇಲೆ ಹಾದು, ಬನಶಂಕರಿ ಕಡೆ ಸರಿದು, ಅಲ್ಲಿ ಕೆಂಪಾಯಿತು.

ಚೂಡಾಮಣಿ ಕೂರಲು ರಾಮಯ್ಯ ಒಂದು ಸ್ಟೂಲು ತಂದಿಟ್ಟ. ತಾನು ನೆಲದ ಮೇಲೆ ಕೂತ.

"ಗುಡಿ ಹೊರಗೆ ಆ ಚಕ್ರ ಬಿಚ್ಚೋಕೆ ಎಷ್ಟು ಹೊತ್ತು ಬೇಕು?" ಎಂದು ಕೇಳಿದರು ಅವರು.

"ನನಗಾದ್ರೆ ಮೂರು ನಿಮಿಷ. ಬೇರೇವ್ರಿಗೆ ಹತ್ತು. ಗೇರಿನ ತಂತಿ ಬಿಚ್ಚೋದು ಗೊತ್ತಿರ್ಬೇಕು. ಗೊತ್ತಿಲ್ದೆ ಎಳೆದ್ರೆ ಹರಿದೋಗುತ್ತೆ. ಹರಿದಿರ್ಲಿಲ್ಲ."

"ಯಾರಿಗೆ ಗೊತ್ತು?"

"ಚಕ್ರ ಬಂದ ದಿವ್ಸ ಸಂಘದೋರಿಗೆಲ್ಲ ಒಂದ್ಸಲ ಬಿಚ್ಚಿ ತೋರಿಸಿದ್ದೆ. ಅರ್ಧ ಜನ ಕಾಫಿ ಕುಡೀತಿದ್ರು."

ಅವರು ಸಂಘದವರನ್ನು ಒಬ್ಬೊಬ್ಬರನ್ನಾಗಿ ನೆನೆಸಿಕೊಂಡು ನೋಡಿದರು. ಯಾರ ಮೇಲೂ ಮನಸ್ಸು ನಿಲ್ಲಲಿಲ್ಲ. ಬಿಸಿಲೇರಿತು. ಕರಿಬಸವಯ್ಯ ಪುರಿ ಕಡಲೆ ತರಿಸಿ, ಮೊದಲು ಅವರಿಗೆ ಕೊಟ್ಟು, ಆಮೇಲೆ ತಿಂದ.

ಹತ್ತಕ್ಕೆ ಹತ್ತು ನಿಮಿಷವಿದ್ದಾಗ ಮೊದಲ ಸೈಕಲ್ಲು ಬಂತು. ಎರಡನೇ ನಂಬರಿನ ಜಯಸಿಂಹ ಎಂಬವನು. ಯಾರೂ ಅವನ ಮೇಲೆ ಆಸೆಯಿಟ್ಟಿರಲಿಲ್ಲ, ಅವನೂ ಇಟ್ಟಿರಲಿಲ್ಲ. ಶಾಂತವೀರಪ್ಪ ಹಾರ ಹಾಕಿದರು. ಹಾರದೊಡನೆ ಕೊಡಬೇಕಾದ ಚಕ್ರ ಇಲ್ಲವೆಂದು ಆಗ ನೆನಪಾಗಿ, ಎರಡನೇ ಹಾರವನ್ನೂ ಅವನಿಗೇ ಹಾಕಿಬಿಟ್ಟರು. ಹಿಂದೆಯೇ ಒಬ್ಬ ಬಂದ. ಇನ್ನೊಬ್ಬ ಬಂದ. ಮತ್ತೊಬ್ಬ ಮಂಡಿಯಿಂದ ರಕ್ತ ಸುರಿಸುತ್ತ ಬಂದ.

ಆಮೇಲೆ ರಸ್ತೆ ಖಾಲಿ.

ಹತ್ತೂಕಾಲಿಗೆ ಮರುಳಸಿದ್ದಪ್ಪ ಮೇಷ್ಟ್ರು ಬಂದರು, ಕಚ್ಚೆಯ ತುದಿಯವರೆಗೆ ಕೆಂಪಾಗಿ, ನಿಧಾನವಾಗಿ, ಹಿಂದೆ ಹಿಂದೆ ನೋಡಿಕೊಂಡು.

"ಏಳನೇ ನಂಬರು ಬಂತಾ?" ಎಂದು ಕೇಳಿದ್ದೂ ಅವರೇ.

ಚೂಡಾಮಣಿ ಸ್ಟೂಲಿನಿಂದ ಎದ್ದರು. "ನಿಮ್ಮ ಹಿಂದೆ ಇರಬೇಕಲ್ವಾ?"

"ಗುಡ್ಡದ ಮೇಲೆ ನಾವಿಬ್ಬರೂ ಮುಂದಿದ್ವಿ. ಅವನು ಸರ್ರನೆ ಗುಡಿ ಹಿಂದಕ್ಕೆ ಹೋಗಿ ಸೈಕಲ್ಲು ಮಗುಚಿ ಹಾಕಿದ. ಪಂಚರ್ರೇನಯ್ಯ, ಸೊಲ್ಯೂಷನ್ ಕೊಡ್ಲಾ ಅಂದೆ. ಬೇಡ ಮೇಷ್ಟ್ರೇ, ನೀವು ಹೋಗಿ, ಇವತ್ತು ನೀವೇ ಗೆಲ್ಲಿ ಅಂದ. ಹಾಗಂದ್ರೆ ಹೇಗೆ ಹೋಗೋದು? ಕೆಳಗಿಳಿದು ಕನಕಪುರ ರಸ್ತೆ ಕೂಡೋ ಕಡೆ ಅವನಿಗೋಸ್ಕರ ಕಾದೆ. ಕಾದದ್ದಕ್ಕೇ ಐದನೆಯವನಾದೆ."

"ಬಂದನಾ?"

"ಬಂದ. ಜಯನಗರಕ್ಕೆ ಎಡಕ್ಕೆ ತಿರುಗಬೇಕು. ಅವನು ಬಲಕ್ಕೆ ತಿರುಗಿದ. ತಪ್ಪು ದಾರಿ ಕಣಯ್ಯಾ ಅಂತ ಕೂಗಿದೆ. ಕೈ ಬೀಸಿದ. ಮುಂದೆ ಅಲ್ಲೊಂದು ಏರಿದೆಯಲ್ಲ, ಅದನ್ನ ಸೀಟಿನಿಂದ ಏಳದೆ ಹತ್ತಿಬಿಟ್ಟ." ಮೇಷ್ಟ್ರು ಹಣೆಯ ಧೂಳು ಒರೆಸಿಕೊಂಡರು. "ಮತ್ತೆ ಗುಡ್ಡ ಹತ್ತಿ ಗುಡಿ ಹಿಂದೆ ಹೋಗಿ ನೋಡಿದೆ. ಬಂಡೆ ಸಂದೀಲಿ ಒಂದು ಹರಿದ ಗೋಣಿಚೀಲ ಇತ್ತು. ಪಕ್ಕದಲ್ಲಿ ಅವನ ಹಿಂದಿನ ಚಕ್ರ ಬಿದ್ದಿತ್ತು."

ರಾಮಯ್ಯ ನೆಲದಿಂದ ಎದ್ದ.

ಬಲಕ್ಕೆ ಹೋದರೆ ಕನಕಪುರ, ಅದರಾಚೆ ಮೈಸೂರು, ಮೈಸೂರಿನಾಚೆ ಘಟ್ಟ, ಘಟ್ಟದ ಕೆಳಗೆ ಕಡಲು. ಆ ನಕ್ಷೆಯನ್ನು ಚೂಡಾಮಣಿ ಕಪ್ಪುಹಲಗೆಯ ಮೇಲೆ ಕಣ್ಣು ಮುಚ್ಚಿಕೊಂಡು ಬರೆಯಬಲ್ಲವರು. ಭಾನುವಾರಕ್ಕೆ ಇನ್ನೂ ದಿನಗಳಿದ್ದವು. ಒಳ್ಳೆಯ ಕಾಲುಳ್ಳವನಿಗೆ ಸಾಕಾಗುವಷ್ಟು.

ಬೆಳಗಿನಿಂದ ಅವರು ಹತ್ತಾರು ಪ್ರಶ್ನೆ ಕೇಳಿದ್ದರು. ಕೇಳದೆ ಬಿಟ್ಟದ್ದು ಒಂದೇ. ಗುಡಿಯ ಗೋಡೆಗೆ ಒರಗಿಸಿದ ಸೈಕಲ್ಲು ಕೈಗೆ ಸಿಕ್ಕಿದ್ದಾಗ, ಕಳ್ಳ ಅದನ್ನೇ ಹತ್ತಿ ಹೋಗದೆ, ಕಷ್ಟಪಟ್ಟು ಚಕ್ರವೊಂದನ್ನೇ ಬಿಚ್ಚಿಕೊಂಡು ಹೋದದ್ದು ಯಾಕೆ? ಇವತ್ತು ಬೆಳಿಗ್ಗೆ ಆ ಸೈಕಲ್ಲು ಶಾಪಿನ ಸಾಲಿನಲ್ಲಿ ಇರಲೇಬೇಕೆಂದು ಬಯಸುವವನು ಜಗತ್ತಿನಲ್ಲಿ ಒಬ್ಬನೇ ಇದ್ದ. ಒಬ್ಬಟ್ಟು ತಿಂದು ಮಲಗಿದ್ದೆ ಎಂದವನು; ರಾಮಯ್ಯ ತನ್ನ ಸೈಕಲ್ಲಿನಲ್ಲಿ ಹೋಗುವುದನ್ನು ಎಲ್ಲೋ ಕಂಡು ಹಿಂದೆ ಹೋಗಿರಬೇಕು. ಅವನನ್ನು ಬಿಡಿಸಲು ಹದಿನಾಲ್ಕನೇ ನಿಯಮವನ್ನು ಮುರಿದು ಕೊಟ್ಟವರು ಅವರೇ.

ಶಾಂತವೀರಪ್ಪ ಕೊರಳಿನ ಸೀಟಿಯನ್ನು ತೆಗೆದು ಜೇಬಿಗೆ ಹಾಕಿಕೊಂಡರು. "ದಫೇದಾರ್ರೇ," ಎಂದರು.

ಕರಿಬಸವಯ್ಯ ಕಡಲೆಯ ಪೊಟ್ಟಣವನ್ನು ಮಡಿಸಿ ಸ್ಟೂಲಿನ ಮೇಲಿಟ್ಟ. ನೋಟ್ ಬುಕ್ಕಿನಲ್ಲಿ ಹೊಸ ಹಾಳೆ ತಿರುವಿದ. ಚೂಡಾಮಣಿಯವರನ್ನು ನೋಡಲು ಹೋಗಿ, ಅವರ ಹಿಂದಿನ ಗೋಡೆಯನ್ನು ನೋಡಿದ.

"ಪೂರ್ತಿ ಹೆಸರು ಹೇಳಿ ಮೇಡಂ," ಎಂದ. "ತಂದೆ ಹೆಸರು. ಮನೆ ನಂಬರು."